ಮೆಕಾಂಗ್ ದಡದಲ್ಲಿ ಅಪ್ಪನ ಗುಡ್ಡೆ

ಸೈಗಾನಿನಿಂದ ದಕ್ಷಿಣಕ್ಕೆ

ಮೂವತ್ತೊಂದು ವರ್ಷ ಹಾರೋಹಳ್ಳಿ ಕಡೆಯ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವನು ನಾನು. ಪ್ರತಿ ವರ್ಷವೂ ಹಲಗೆಯ ಮೇಲೆ ಒಂದು ಬೀಸಣಿಗೆ ಬರೆಯುತ್ತಿದ್ದೆ. ಅದರ ಕಡ್ಡಿಗಳೆಲ್ಲ ನದಿಯ ಕವಲುಗಳು, ಸಮುದ್ರ ಸೇರುವ ಕಡೆ ನದಿ ತಾನು ಹೊತ್ತು ತಂದ ಮಣ್ಣನ್ನು ಇಳಿಸಿ ಹೊಸ ನೆಲ ಕಟ್ಟುತ್ತದೆ, ಇದೇ ಮುಖಜ ಭೂಮಿ ಎಂದು ಹೇಳುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ನೀವು ನೋಡಿದ್ದೀರಾ ಸಾರ್ ಎಂದು ಒಬ್ಬರೂ ಕೇಳಲಿಲ್ಲ, ಪುಣ್ಯ. ನಮ್ಮ ಕಾವೇರಿಯದೇ ಮುಖಜ ಭೂಮಿ ತಂಜಾವೂರಿನ ಕಡೆ ಇದೆ, ಒಂದು ರಾತ್ರಿಯ ಬಸ್ಸಿನ ದಾರಿ. ಅದನ್ನೂ ನೋಡದೆ ನಿವೃತ್ತನಾದೆ.

ವಿಯೆಟ್ನಾಮಿನ ಯೋಗ ಕೂಡಿಬಂದದ್ದು ನನ್ನ ಅಕ್ಕನಿಂದ. ಜಯಕ್ಕ ರಾಮನಗರದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಸಣ್ಣ ಘಟಕ ನಡೆಸುತ್ತಾಳೆ. ಅಲ್ಲಿನ ರೀಲರುಗಳು ಕೆಲವರು ಸೇರಿ ಆ ದೇಶದ ನೂಲು ಯಂತ್ರಗಳನ್ನು ನೋಡಿಬರಲು ಹೊರಟಿದ್ದರು. ಭಾವನಿಗೆ ಮೊಣಕಾಲಿನ ಆಪರೇಷನ್ ಆಗಿ, ಅವರ ಜಾಗಕ್ಕೆ ನಾನು ಬಂದೆ. ಯಂತ್ರ ನೋಡಿದ್ದಾಯಿತು. ಕೊನೆಯ ಮೂರು ದಿನ ಉಳಿದವರೆಲ್ಲ ಸೈಗಾನಿನಲ್ಲಿ ಅಂಗಡಿ ಸುತ್ತುವುದೆಂದು ತೀರ್ಮಾನಿಸಿದರು. ನಾನು ಮೆಕಾಂಗ್ ನದಿ ಸಮುದ್ರ ಸೇರುವ ಜಾಗ ನೋಡುತ್ತೇನೆಂದೆ. ನೀನೊಬ್ಬನೇ ಹೋಗಿ ನೀರಿಗೆ ಬಿದ್ದರೆ ನಿನ್ನ ಹೆಂಡತಿಗೆ ಜವಾಬು ಕೊಡುವವಳು ನಾನು ಎಂದು ಅಕ್ಕನೂ ಚೀಲ ಕಟ್ಟಿದಳು.

ಬಸ್ಸಿನಲ್ಲಿ ಅವಳಿಗೆ ನೆಮ್ಮದಿಯಿರಲಿಲ್ಲ. ಎಲ್ಲಿ ನೋಡಿದರೂ ಗದ್ದೆ, ಕಾಲುವೆ, ಮತ್ತೆ ಗದ್ದೆ. ರಾಮನಗರದವರಿಗೆ ಯಾವ ದಿಕ್ಕಿಗೆ ಮುಖ ಮಾಡಿದರೂ ಒಂದು ಬಂಡೆ ಕಾಣಿಸಿಯೇ ಅಭ್ಯಾಸ. "ಕಣ್ಣು ಆನ್ಸಾಕೆ ಒಂದ್ ಗುಡ್ಡಾನೂ ಇಲ್ವಲ್ಲಾ," ಎಂದಳು. ನೆಲ ಇಷ್ಟು ಮಟ್ಟಸವಾಗಿರುವುದಕ್ಕೆ ಕಾರಣ ಇದನ್ನು ನೀರು ಹರವಿರುವುದು, ಇಲ್ಲಿನ ಒಂದೊಂದು ಹಿಡಿ ಮಣ್ಣೂ ಬೇರೆ ಎಲ್ಲಿಂದಲೋ ಬಂದದ್ದು ಎಂದು ಮೇಷ್ಟ್ರ ಧಾಟಿಯಲ್ಲಿ ಶುರುಮಾಡಿದೆ. ಅಕ್ಕ ನಿದ್ದೆ ಹೋದಳು. ನನ್ನ ಪಾಠಕ್ಕೆ ಆ ಶಕ್ತಿ ಮೊದಲಿನಿಂದಲೂ ಇದೆ.

ಅವಳು ನಿದ್ದೆಯಲ್ಲಿರುವಾಗಲೇ ಓದುವವರಿಗೆ ಒಂದು ವಿಷಯ ಹೇಳಿಬಿಡಬೇಕು. ಅದು ಗೊತ್ತಿಲ್ಲದಿದ್ದರೆ ಮುಂದಿನದು ಬರೀ ನದಿ ನೋಡಿದ ಕಥೆಯಾಗುತ್ತದೆ.

ನಮ್ಮ ಹಳ್ಳಿ ಕನಕಪುರದಿಂದ ಕೆಳಕ್ಕೆ, ಅರ್ಕಾವತಿಗೆ ಸೇರುವ ಒಂದು ಹಳ್ಳದ ಪಕ್ಕದಲ್ಲಿದೆ. ನಮ್ಮ ಸೀಮೆಯಲ್ಲಿ ಹೊಳೆಯ ಮರಳು ಮುಗಿದ ಮೇಲೆ ಜನ ಹೊಲದ ಮಣ್ಣನ್ನೇ ತೊಳೆದು ಮರಳು ಮಾಡಲು ಶುರುಮಾಡಿದರು. ಫಿಲ್ಟರ್ ಮರಳು ಎಂದು ಅದರ ಹೆಸರು. ಹೊಲ ಅಗೆದು, ಮಣ್ಣನ್ನು ತೊಟ್ಟಿಗೆ ಸುರಿದು, ಪಂಪಿನಿಂದ ಜೋರಾಗಿ ನೀರು ಬಿಟ್ಟರೆ ಜೇಡಿ ಕದಡಿ ಹರಿದುಹೋಗುತ್ತದೆ, ಮರಳು ತಳದಲ್ಲಿ ನಿಲ್ಲುತ್ತದೆ. ಅದು ಲಾರಿ ಹತ್ತಿ ಬೆಂಗಳೂರಿಗೆ ಹೋಗುತ್ತದೆ. ಏಳು ವರ್ಷದ ಹಿಂದೆ ನಾನೂ ಹಳ್ಳದ ಪಕ್ಕದ ಹೊಲವನ್ನು ಅಂಥವರಿಗೆ ಬಿಟ್ಟುಕೊಟ್ಟೆ. ಮಣ್ಣಿನ ಸವಕಳಿ ತಡೆಯುವ ಕ್ರಮಗಳು ಎಂಬ ಪಾಠವನ್ನು ಅದೇ ವಾರ ಮಾಡಿದ್ದೆನೆಂದು ನೆನಪು.

ಆ ಹೊಲದ ನಡುವೆ ಅಪ್ಪನನ್ನು ಮಣ್ಣು ಮಾಡಿದ್ದೆವು. ಗುಡ್ಡೆಯ ತಂಟೆಗೆ ಮಾತ್ರ ಹೋಗಬೇಡಿ ಎಂದಿದ್ದೆ. ಅವರೂ ಮಾತು ಉಳಿಸಿಕೊಂಡರು. ಸುತ್ತ ಎರಡಾಳುದ್ದ ಅಗೆದು, ಗುಡ್ಡೆಯನ್ನು ಒಂದು ಮಣ್ಣಿನ ಕಂಬದ ಮೇಲೆ ಹಾಗೇ ಬಿಟ್ಟರು. ನಮ್ಮ ಕಡೆ ಬೇರೆಯವರ ಹೊಲಗಳಲ್ಲೂ ಹೀಗೇ ಬಿಡುತ್ತಿದ್ದರು. ಇಷ್ಟು ಮಾಡಿದರೆ ಹಿರಿಯರಿಗೆ ಮರ್ಯಾದೆ ಕೊಟ್ಟಂತಾಯಿತು ಎಂದು ನಾವೆಲ್ಲ ನಂಬಿದ್ದೆವು. ಆ ಮಳೆಗಾಲದಲ್ಲಿ ಒಂದು ವಾರ ನಾನು ಹೊಲದ ಕಡೆ ಹೋಗಲಿಲ್ಲ. ಹೋದಾಗ ಕಂಬ ಇರಲಿಲ್ಲ. ಕುಸಿದುಬಿದ್ದ ಮಣ್ಣನ್ನು ಕೆಲಸದವರು ಉಳಿದ ಮಣ್ಣಿನ ಜೊತೆ ತೊಳೆದುಬಿಟ್ಟಿದ್ದರು. ಗೊತ್ತಾಗಲಿಲ್ಲ ಎಂದರು. ಗೊತ್ತಾಗದಿರಬಹುದು.

ಹೊಲದ ಮೇಲ್ಗಡೆ, ಬದುವಿನ ಮೂಲೆಯಲ್ಲಿ ಒಂದು ಸಿಮೆಂಟಿನ ಸಮಾಧಿ ಕಟ್ಟಿಸಿದೆ. ಹಳ್ಳ ಹತ್ತಿರವಾಗುತ್ತಿತ್ತು, ಅದಕ್ಕೆ ಅಪ್ಪನನ್ನು ಜೋಪಾನವಾಗಿ ಎತ್ತಿ ಮೇಲಕ್ಕೆ ತಂದು ಮಣ್ಣು ಮಾಡಿದೆ ಎಂದು ಅಕ್ಕನಿಗೆ ಹೇಳಿದೆ. ಅವಳು ನಂಬಿದಳು. ಪ್ರತಿ ವರ್ಷ ಗೌರಿ ಹಬ್ಬಕ್ಕೆ ತವರಿಗೆ ಬಂದಾಗ ಬಾಗಿನ ತೆಗೆದುಕೊಳ್ಳುವ ಮೊದಲು ಆ ಸಮಾಧಿಗೆ ಹೂವಿಟ್ಟು, ಅರ್ಧ ಗಂಟೆ ಅದರ ಪಕ್ಕದಲ್ಲಿ ಕೂತು, ಮನೆಯ ವಿಷಯಗಳನ್ನೆಲ್ಲ ಅಪ್ಪನಿಗೆ ಹೇಳಿ ಎದ್ದು ಬರುತ್ತಾಳೆ. ಒಳಗೆ ಏನೂ ಇಲ್ಲವೆಂದು ಗೊತ್ತಿದ್ದದ್ದು ನನಗೊಬ್ಬನಿಗೆ.

ಬೆನ್ ತ್ರೆಯ ದೋಣಿಕಟ್ಟೆ

ಬಸ್ಸು ಇಳಿದದ್ದು ಬೆನ್ ತ್ರೆ ಎಂಬ ಊರಿನಲ್ಲಿ. ಮೆಕಾಂಗ್ ಇಲ್ಲಿಗೆ ಬರುವಷ್ಟರಲ್ಲಿ ಹಲವು ಕವಲಾಗಿರುತ್ತದೆ. ಇಲ್ಲಿನವರು ಅದಕ್ಕೆ ಒಂಬತ್ತು ಡ್ರ್ಯಾಗನ್ ಎನ್ನುತ್ತಾರೆ. ನಾವು ನೋಡಿದ್ದು ಒಂದೇ ಕವಲನ್ನು. ಅದರ ಆಚೆ ದಡದಲ್ಲಿ ಮನುಷ್ಯರು ಇರುವೆಗಳಷ್ಟು ಕಾಣುತ್ತಿದ್ದರು. ನೀರಿನ ಬಣ್ಣ ಹಾಲು ಕಡಿಮೆ ಹಾಕಿದ ಟೀಯದು.

ದೋಣಿಗೆ ಕಾಯುತ್ತ ನಿಂತಾಗ ನದಿ ಹಿಮ್ಮುಖವಾಗಿ ಹರಿಯಲು ಶುರುವಾಯಿತು. ಅಕ್ಕ ನನ್ನ ತೋಳು ಹಿಡಿದುಕೊಂಡಳು. ನೀರಿನ ಮೇಲಿನ ಅಂತರಗಂಗೆ ಗಿಡಗಳು ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಬಂದ ದಾರಿಗೇ ತಿರುಗಿದವು. ಸಮುದ್ರದ ಉಬ್ಬರ ನದಿಯನ್ನು ದೂರದವರೆಗೆ ಹಿಂದಕ್ಕೆ ದಬ್ಬುತ್ತದೆಂದು ಓದಿದ್ದೆ, ಪಾಠ ಮಾಡಿದ್ದೆ. ಕಣ್ಣಾರೆ ನೋಡಿದಾಗ ಮಾತ್ರ ಮಂಡೆಗೆ ಹೋಯಿತು. ಹೀಗೆ ದಬ್ಬಿಸಿಕೊಂಡ ನದಿಗೆ ಓಟ ತಪ್ಪುತ್ತದೆ. ಓಟ ತಪ್ಪಿದರೆ ಹೊರೆ ಹೊರುವ ಶಕ್ತಿ ಹೋಗುತ್ತದೆ. ಭಾರದ ಮರಳು ಮೊದಲು ತಳಕ್ಕಿಳಿಯುತ್ತದೆ, ಹಗುರದ ಜೇಡಿ ಇನ್ನಷ್ಟು ದೂರ ಹೋಗಿ ಇಳಿಯುತ್ತದೆ. ಇಳಿದದ್ದು ದಿಬ್ಬವಾಗಿ ನದಿಯ ದಾರಿಗೇ ಅಡ್ಡ ಬರುತ್ತದೆ, ನದಿ ಎರಡಾಗಿ ಒಡೆದು ಸುತ್ತಿ ಹೋಗುತ್ತದೆ, ಆ ದಿಬ್ಬ ನಡುಗಡ್ಡೆಯಾಗುತ್ತದೆ.

ಇದನ್ನು ಯೋಚಿಸುತ್ತಿದ್ದಾಗಲೇ ಎಲ್ಲೋ ನೋಡಿದ್ದೇನಲ್ಲ ಎನಿಸಿತು. ನೋಡಿದ್ದು ನಮ್ಮ ಹೊಲದ ತೊಟ್ಟಿಯಲ್ಲಿ. ಮರಳು ತಳಕ್ಕೆ, ಜೇಡಿ ಮುಂದಕ್ಕೆ. ನದಿ ನೆಲ ಕಟ್ಟಲು ಮಾಡುವ ಕೆಲಸವನ್ನೇ ನಾವು ನೆಲ ಕೆಡವಲು ಮಾಡಿದ್ದೆವು, ಅದೂ ಒಂದು ಮಧ್ಯಾಹ್ನದಲ್ಲಿ. ಕಟ್ಟೆ ಬಿಟ್ಟು ಪಕ್ಕದ ಎಳನೀರು ಅಂಗಡಿಯ ಮಣೆಯ ಮೇಲೆ ಕೂತೆ. ಬಿಸಿಲಿಗೆ ಹೀಗಾಗಿದೆ ಎಂದು ಅಕ್ಕ ನನಗೆ ಎಳನೀರು ಕುಡಿಸಿದಳು, ಚನ್ನಪಟ್ಟಣದ ಎಳನೀರಿಗಿಂತ ಸಿಹಿ ಕಡಿಮೆ ಎಂದು ತೀರ್ಪನ್ನೂ ಕೊಟ್ಟಳು.

ನದಿಯ ನಡುವೆ ದೊಡ್ಡ ದೊಡ್ಡ ಕಬ್ಬಿಣದ ದೋಣಿಗಳು ಸಾಲಾಗಿ ಹೋಗುತ್ತಿದ್ದವು. ಅಂಚಿನವರೆಗೂ ನೀರಲ್ಲಿ ಮುಳುಗಿದ್ದವು, ಇನ್ನೊಂದು ಬಿಂದಿಗೆ ಹಾಕಿದರೆ ಮುಳುಗೇ ಹೋಗುತ್ತವೇನೋ ಎನ್ನುವಂತೆ. ಹೊತ್ತಿದ್ದು ಮರಳು.

ಕಲ್ಲಿಲ್ಲದ ನಡುಗಡ್ಡೆ

ನಾವು ಉಳಿದ ಮನೆ ಒಂದು ನಡುಗಡ್ಡೆಯ ಮೇಲಿತ್ತು. ಮನೆಯ ಮಗಳು ಲಾನ್ ಊರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾಳೆ, ಎರಡು ಕೋಣೆಗಳನ್ನು ನಮ್ಮಂಥವರಿಗೆ ಬಾಡಿಗೆಗೆ ಕೊಡುತ್ತಾಳೆ. ಅವಳ ತಂದೆಗೆ ಎಪ್ಪತ್ತರ ಮೇಲೆ ವಯಸ್ಸು. ಎಲ್ಲರೂ ಅವರನ್ನು ಓಂಗ್ ಹಾಯ್ ಎನ್ನುತ್ತಿದ್ದರು. ಹಾಗೆಂದರೆ ಎರಡನೆಯವರು. ಈ ಸೀಮೆಯಲ್ಲಿ ಮಕ್ಕಳನ್ನು ಹುಟ್ಟಿದ ಲೆಕ್ಕದಲ್ಲಿ ಕರೆಯುವುದು ವಾಡಿಕೆ, ಆದರೆ ಲೆಕ್ಕ ಎರಡರಿಂದ ಶುರು. ಮೊದಲ ಮಗುವೇ ಎರಡನೆಯದು. ಒಂದನೆಯವರು ಯಾರು ಎಂದರೆ ಲಾನ್ ನಕ್ಕಳು, ಯಾರೂ ಇಲ್ಲ ಎಂದಳು. ದೊಡ್ಡಪ್ಪ, ನಡುವಲಪ್ಪ, ಚಿಕ್ಕಪ್ಪ ಎಂದು ಕರೆದು ಬೆಳೆದ ನಮಗೆ ಇದು ಅರ್ಥವಾಯಿತು. ಅಕ್ಕ ಮನೆಗೆ ಹಿರಿಯಳೆಂದು ತಿಳಿದು ಅವಳೂ ಹಾಯ್ ಆದಳು, ಅವಳ ಬೆನ್ನಿಗೆ ಹುಟ್ಟಿದ ನಾನು ಬಾ, ಅಂದರೆ ಮೂರು. "ಅಂಗಾರೆ ಇವ್ರೂ ನಂಗೆ ಸರೀಕ್ರು," ಎಂದು ಅಕ್ಕ ಓಂಗ್ ಹಾಯ್ ಅವರಿಗೆ ಕೈ ಮುಗಿದಳು.

ದೋಣಿಯಲ್ಲಿ ಹೆದರಿದ್ದಕ್ಕೆ ಅವಳು ದೇವರಿಗೆ ಒಂದು ಕಾಯಿ ಹರಕೆ ಹೊತ್ತಿದ್ದಳು. ಮನೆಯ ಸುತ್ತ ಕಾಯಿಗೇನು ಬರವೇ, ಎಲ್ಲಿ ನೋಡಿದರೂ ತೆಂಗು. ಒಡೆಯಲು ಕಲ್ಲು ಬೇಕಲ್ಲ. ಅಕ್ಕ ಹಿತ್ತಲು ಸುತ್ತಿದಳು, ದಾರಿಯ ಬದಿ ಹುಡುಕಿದಳು, ನೀರಿನ ಅಂಚಿಗೆ ಹೋಗಿ ಬಂದಳು. ಬೊಗಸೆಯಲ್ಲಿ ಹಿಡಿಯುವಷ್ಟು ಒಂದು ಕಲ್ಲೂ ಆ ನಡುಗಡ್ಡೆಯಲ್ಲಿ ಸಿಗಲಿಲ್ಲ. ಓಂಗ್ ಹಾಯ್ ಕಾಯಿ ಸೀಳುವ ಕತ್ತಿ ತಂದು ಕೊಟ್ಟರು. ದೇವರ ಕಾಯಿಗೆ ಕತ್ತಿ ತಾಗಿಸಬಾರದೆಂದು ಅಕ್ಕ ತಲೆಯಾಡಿಸಿದಳು. ಮೆಟ್ಟಿಲಿನ ಸಿಮೆಂಟು ತೋರಿಸಿದರು. ಕಾಲಿಡುವ ಜಾಗ, ಅದೂ ಬೇಡ ಎಂದಳು. ನಾನು ಇಬ್ಬರ ನಡುವೆ ನಿಂತು ಇಂಗ್ಲಿಷಿಗೆ ತಿರುಗಿಸಿ ತಿರುಗಿಸಿ ಸಾಕಾದೆ. ಲಾನ್ ಅದನ್ನು ಅವರ ಮಾತಿಗೆ ತಿರುಗಿಸುತ್ತಿದ್ದಳು. ಮುದುಕರು ಯೋಚಿಸಿ, ಒಳಗೆ ಹೋಗಿ, ಒಂದು ಒರಳನ್ನು ಎದೆಗವಚಿಕೊಂಡು ತಂದು ಬೋರಲು ಹಾಕಿದರು. ಕಲ್ಲಿನ ಒರಳು. ದೂರದ, ಬೆಟ್ಟಗಳಿರುವ ಸೀಮೆಯಿಂದ ಅವರ ತಾಯಿ ಮದುವೆಯಾಗಿ ಬರುವಾಗ ದೋಣಿಯಲ್ಲಿ ತಂದದ್ದಂತೆ. ಮನೆಯಲ್ಲಿ ಇರುವುದು ಇದೊಂದೇ ಕಲ್ಲು ಎಂದರು. ಅಕ್ಕ ಅದನ್ನು ಮುಟ್ಟಿ ನಮಸ್ಕರಿಸಿ ಕಾಯಿ ಒಡೆದಳು.

ಅದೇ ಸಂಜೆ

ಒರಳಿನಿಂದ ಮಾತು ತಾಯಿಗೆ ಬಂತು, ತಾಯಿಯಿಂದ ಗೋರಿಗೆ. ಇಲ್ಲಿಯೂ ನಮ್ಮ ಹಾಗೆಯೇ ಸತ್ತವರನ್ನು ಸ್ವಂತ ತೋಟದಲ್ಲಿ ಮಣ್ಣು ಮಾಡುತ್ತಾರೆ. ಓಂಗ್ ಹಾಯ್ ನಮ್ಮನ್ನು ಹಿತ್ತಲಿನ ತುದಿಗೆ ಕರೆದುಕೊಂಡು ಹೋದರು. ನೀಲಿ ಬಣ್ಣ ಬಳಿದ ಗೋರಿ. ಅದರಾಚೆ ಹತ್ತು ಹೆಜ್ಜೆಗೆ ನೆಲವೇ ಇಲ್ಲ. ದಡ ಕತ್ತರಿಸಿದಂತೆ ನಿಂತಿತ್ತು, ಬೇರು ಹೊರಬಿದ್ದ ಒಂದು ತೆಂಗು ನೀರಿನ ಮೇಲೆ ಅಡ್ಡ ಮಲಗಿತ್ತು, ಇನ್ನೂ ಕಾಯಿ ಬಿಟ್ಟಿತ್ತು. ಅವರು ನದಿಯ ನಡುವಿಗೆ ಬೆರಳು ತೋರಿಸಿ ಅಲ್ಲಿ ನಮ್ಮ ಮೊದಲ ಮನೆ ಎಂದರು. ಬೆರಳು ಸ್ವಲ್ಪ ಹಿಂದಕ್ಕೆ ತಂದು ಅಲ್ಲಿ ಎರಡನೆಯದು ಎಂದರು. ಒರಳನ್ನು ಎರಡು ಸಲವೂ ತಾಯಿಯೇ ಹೊತ್ತು ತಂದಿದ್ದರಂತೆ.

ನದಿ ಒಂದು ಕಡೆ ತೆಗೆದು ಇನ್ನೊಂದು ಕಡೆ ಕೊಡುವುದು ಹಿಂದಿನಿಂದಲೂ ಇತ್ತು, ನಾವು ಚಿಕ್ಕವರಿದ್ದಾಗ ಅದನ್ನು ಯಾರೂ ದುಃಖ ಎನ್ನುತ್ತಿರಲಿಲ್ಲ ಎಂದು ಅವರು ಹೇಳಿದರು. ಈಗ ತೆಗೆಯುವುದು ಮಾತ್ರ ಉಳಿದಿದೆ. ಮೇಲೆ ಅಣೆಕಟ್ಟುಗಳು ಮಣ್ಣನ್ನು ತಡೆಯುತ್ತವೆ, ಇಲ್ಲಿ ದೋಣಿಗಳು ತಳದ ಮರಳನ್ನು ಮೊಗೆಯುತ್ತವೆ, ತಳ ಆಳವಾದರೆ ದಡ ಜಾರುತ್ತದೆ. ಇದನ್ನು ಲಾನ್ ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸಿದಳು. ನಾಳೆ ಬೆಳಿಗ್ಗೆ ಅಜ್ಜಿಯನ್ನು ಎತ್ತಿ ನಡುಗಡ್ಡೆಯ ಒಳಗಿನ ಎತ್ತರದ ಜಾಗಕ್ಕೆ ಒಯ್ಯುತ್ತೇವೆ, ದಿನ ನೋಡಿಸಿದ್ದೇವೆ, ನಿಮಗೆ ಮುಜುಗರವಾದರೆ ಬೇರೆ ಮನೆಯಲ್ಲಿ ಏರ್ಪಾಟು ಮಾಡುತ್ತೇನೆ ಎಂದಳು.

ನಾನು ಬಾಯಿ ಬಿಡುವ ಮೊದಲೇ ಅಕ್ಕ ವಿಷಯ ಏನೆಂದು ಕೇಳಿ ತಿಳಿದಳು. ಅವಳ ಮುಖ ಅರಳಿತು. "ಮುಜುಗರ ಯಾಕೆ? ನನ್ ತಮ್ಮಾನೂ ಇಂಗೇ ನಮ್ಮಪ್ಪನ್ನ ಎತ್ತಿ ಮ್ಯಾಲಕ್ಕೆ ತಂದು ಮಡಗ್ದ ಅಂತ ಅವ್ರಿಗೆ ಯೋಳು. ಒಂದ್ ಮೂಳೇನೂ ಬುಡ್ದಂಗೆ ಅಂತ ಯೋಳು."

ಅದನ್ನು ಇಂಗ್ಲಿಷಿಗೆ ತಿರುಗಿಸಬೇಕಾದವನು ನಾನೇ. ಬೇರೆ ಏನಾದರೂ ಹೇಳಬಹುದಿತ್ತು, ಅಲ್ಲಿ ಯಾರಿಗೆ ಗೊತ್ತಾಗುತ್ತಿತ್ತು. ಅಕ್ಕ ನನ್ನ ಬಾಯನ್ನೇ ನೋಡುತ್ತಿದ್ದಳು. ಅವಳು ಹೇಳಿದ್ದನ್ನು ಹೇಳಿದಂತೆಯೇ ತಿರುಗಿಸಿದೆ, ಮೂಳೆಯ ಮಾತನ್ನೂ ಸೇರಿಸಿ. ಏಳು ವರ್ಷದ ಹಿಂದೆ ಕನಕಪುರದಲ್ಲಿ ಹೇಳಿದ ಸುಳ್ಳನ್ನು ಎರಡನೆಯ ಸಲ, ಇನ್ನೊಂದು ಭಾಷೆಯಲ್ಲಿ, ಇನ್ನೊಬ್ಬರ ತಾಯಿಯ ಗೋರಿಯ ಮುಂದೆ ಹೇಳಿದೆ. ಲಾನ್ ಅದನ್ನು ತಂದೆಗೆ ಹೇಳಿದಳು. ಅವರು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲಿಲ್ಲ.

ಮರುದಿನ ಬೆಳಿಗ್ಗೆ

ಗೋರಿಯ ನಾಲ್ಕು ಮೂಲೆಗೆ ಬಿದಿರು ನೆಟ್ಟು ನೀಲಿ ಟಾರ್ಪಾಲು ಕಟ್ಟಿದ್ದರು, ಮೂಳೆಗೆ ಬಿಸಿಲು ತಾಗಬಾರದು ಎಂದು. ಓಂಗ್ ಹಾಯ್ ಅವರ ತಮ್ಮಂದಿರು, ನೆಂಟರು ಐದಾರು ಜನ ಬಂದಿದ್ದರು. ಒಂದು ಸಣ್ಣ ಮರದ ಪೆಟ್ಟಿಗೆ, ಕೆಂಪು ಬಟ್ಟೆ, ಮೂಳೆ ತೊಳೆಯಲು ಅಕ್ಕಿಯ ಸಾರಾಯಿ, ಊದುಬತ್ತಿ. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಅಕ್ಕ ಮಿಂದು, ತಲೆಗೆ ಸೆರಗು ಹೊದ್ದು, ಹೆಂಗಸರ ಜೊತೆ ನಿಂತಿದ್ದಳು.

ಹಿರಿಮಗ ಮೊದಲ ಗುದ್ದಲಿ ಹಾಕಬೇಕು. ಓಂಗ್ ಹಾಯ್ ಗುದ್ದಲಿ ಹಿಡಿದವರು ನನ್ನ ಕಡೆ ತಿರುಗಿ ಏನೋ ಹೇಳಿದರು. ಲಾನ್ ಹೇಳಿದ್ದು ಇಷ್ಟು: ತಂದೆಯನ್ನು ಎತ್ತಿದ ಕೈ ಪಕ್ಕದಲ್ಲಿದ್ದರೆ ನನ್ನ ಕೈ ನಡುಗುವುದಿಲ್ಲ, ಪೆಟ್ಟಿಗೆ ಹಿಡಿಯಲು ನೀವು ಬರಬೇಕು ಎನ್ನುತ್ತಿದ್ದಾರೆ.

ಎಲ್ಲರೂ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದರು. ನಾನು ಎರಡು ಹೆಜ್ಜೆ ಇಟ್ಟೆ. ಮೂರನೆಯದನ್ನು ಇಡಲಾಗಲಿಲ್ಲ. ಆ ಹೆಂಗಸಿನ ಮೂಳೆಯನ್ನು ನನ್ನ ಕೈಯಿಂದ ಮುಟ್ಟುವುದು ಆಗದ ಕೆಲಸ ಎಂದು ಮೈಯೇ ಹೇಳಿತು. ಅಕ್ಕನ ಹತ್ತಿರ ಹೋಗಿ, ಜನ ನೋಡುತ್ತಿರುವಾಗಲೇ, ಕನ್ನಡದಲ್ಲಿ ಎಲ್ಲವನ್ನೂ ಹೇಳಿದೆ. ಮಣ್ಣಿನ ಕಂಬ, ಮಳೆ, ತೊಟ್ಟಿ, ಲಾರಿ. ಬದುವಿನ ಮೇಲಿನ ಸಮಾಧಿಯಲ್ಲಿ ಅಪ್ಪ ಇಲ್ಲ ಎಂದೆ. ಅಳು ಬರುತ್ತದೆಂದುಕೊಂಡಿದ್ದೆ, ಬರಲಿಲ್ಲ.

ಅಕ್ಕ ನನ್ನನ್ನು ಬಯ್ಯಲಿಲ್ಲ. ನನ್ನ ಅಂಗಿಯ ಗುಂಡಿಯನ್ನೇ ನೋಡುತ್ತ ಕೇಳಿಸಿಕೊಂಡಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ನೀನು ಇತ್ಲಾಗ್ ನಿಂತ್ಕೊ," ಎಂದಳು.

ನನಗೆ ಬಿಟ್ಟಿದ್ದ ಜಾಗಕ್ಕೆ ಹೋಗಿ ಪೆಟ್ಟಿಗೆಯ ಒಂದು ಬದಿ ಅವಳೇ ಹಿಡಿದಳು. ಯಾರೂ ಏನೂ ಕೇಳಲಿಲ್ಲ. ಅಗೆದಷ್ಟೂ ತಳದಿಂದ ನೀರು ಒಸರುತ್ತಿತ್ತು, ಒಬ್ಬರು ತಗಡಿನ ಡಬ್ಬದಲ್ಲಿ ಮೊಗೆದು ಚೆಲ್ಲುತ್ತಿದ್ದರು. ಮೂಳೆಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಓಂಗ್ ಹಾಯ್ ಒಂದೊಂದನ್ನೂ ತೆಗೆದು ತೊಳೆದು ಕೊಟ್ಟರು, ಅಕ್ಕ ಒಂದೊಂದನ್ನೂ ಒರೆಸಿ ಕೆಂಪು ಬಟ್ಟೆಯ ಮೇಲೆ ಇಟ್ಟಳು. ಬೆರಳಿನ ಸಣ್ಣ ಮೂಳೆ ಒಂದು ಸಿಗಲಿಲ್ಲ. ಅದಕ್ಕಾಗಿ ಅವರು ಕೆಸರನ್ನು ಬೊಗಸೆಯಲ್ಲಿ ಹಿಂಡಿ ಹಿಂಡಿ ಹುಡುಕಿದರು. ಸಿಕ್ಕುವವರೆಗೂ ಯಾರೂ ಏಳಲಿಲ್ಲ. ನಾನು ತೆಂಗಿನ ಮರದ ಪಕ್ಕದಲ್ಲಿ ನಿಂತು ಅಷ್ಟನ್ನೂ ನೋಡಿದೆ. ನನ್ನ ಜೀವನದಲ್ಲಿ ಅಷ್ಟು ನಾಚಿಕೆ ಪಟ್ಟ ದಿನ ಬೇರೆ ಇಲ್ಲ.

ಮಧ್ಯಾಹ್ನ ಊಟಕ್ಕೆ ಕೂರುವ ಮೊದಲು ನಾನು ಲಾನ್‌ಗೆ ನಿಜ ಹೇಳಿ, ತಂದೆಗೂ ತಿಳಿಸು ಎಂದೆ. ಅವಳು ಹಿಂಜರಿದಳು, ಆಮೇಲೆ ಹೇಳಿದಳು. ಓಂಗ್ ಹಾಯ್ ತಟ್ಟೆ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು: ಆಗ ನೀವು ಬಡವರಾಗಿದ್ದಿರಾ?

ಇಲ್ಲ ಎಂದೆ. ಮನೆಯ ಮೇಲೆ ಮಹಡಿ ಕಟ್ಟಿಸುತ್ತಿದ್ದೆ, ಅಷ್ಟೇ.

ಅವರು ತಲೆಯಾಡಿಸಿ ನನ್ನ ಬಟ್ಟಲಿಗೆ ಅನ್ನ ಬಡಿಸಿದರು. ಆಮೇಲೆ ನನ್ನ ಜೊತೆ ಮಾತಾಡಲಿಲ್ಲ.

ನದಿಯ ಬಾಯಿ

ಮೂರನೆಯ ದಿನ ಸಮುದ್ರದ ಅಂಚಿಗೆ ಹೋಗುವುದು ಮೊದಲೇ ಗೊತ್ತಾಗಿತ್ತು. ಬೇಡವೆಂದು ಹೇಳಲು ನನಗೆ ಬಾಯಿರಲಿಲ್ಲ, ಅಕ್ಕ ಬೇಡ ಎನ್ನಲಿಲ್ಲ. ಲಾನ್ ಬಾಡಿಗೆ ದೋಣಿ ತರಿಸಿದ್ದಳು. ಎರಡು ಗಂಟೆಯ ದಾರಿ. ಅಕ್ಕ ದೋಣಿಯ ಮೂತಿಯ ಕಡೆ ಕೂತು ನನಗೆ ಬೆನ್ನು ಕೊಟ್ಟಿದ್ದಳು.

ನಾನು ಬಯಸಿ ಬಂದದ್ದನ್ನು ಅಲ್ಲಿ ಕಂಡೆ. ನದಿಗೂ ಸಮುದ್ರಕ್ಕೂ ಗಡಿಯೇ ಇರಲಿಲ್ಲ. ಕಂದು ನೀರು ಅಗಲವಾಗುತ್ತ, ತೆಳ್ಳಗಾಗುತ್ತ ಎಲ್ಲಿ ಉಪ್ಪಾಯಿತೋ ತಿಳಿಯಲಿಲ್ಲ. ಎಡಗಡೆಯ ಕರಾವಳಿ ಕುಸಿದಿತ್ತು, ಬುಡ ಕಳಚಿದ ಮರಗಳು ಅಲೆಯಲ್ಲಿ ಬಿದ್ದಿದ್ದವು, ಯಾರದೋ ಸೀಗಡಿ ಹೊಂಡದ ಅರ್ಧ ಕಟ್ಟೆ ನೀರಿನ ನಡುವೆ ಒಂಟಿಯಾಗಿ ನಿಂತಿತ್ತು. ಬಲಗಡೆ, ನೀರು ಇಳಿಯುತ್ತಿದ್ದ ಹಾಗೆ, ಹೊಸ ನೆಲ ಮೇಲೆ ಬಂತು. ಹೊಳೆಯುವ ಬೂದು ಕೆಸರು. ಅದರ ಮೇಲೆ ಕಣ್ಣು ಉಬ್ಬಿದ ಸಣ್ಣ ಮೀನುಗಳು ರೆಕ್ಕೆ ಊರಿ ತೆವಳುತ್ತಿದ್ದವು, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಸಸಿಗಳು ಮೊಳದೆತ್ತರ ಎದ್ದಿದ್ದವು. ಆ ಸಸಿಯ ಬೇರು ಕೆಸರನ್ನು ಹಿಡಿದರೆ ಮುಂದಿನ ಉಬ್ಬರ ಇನ್ನಷ್ಟು ಕೆಸರು ತಂದಿಡುತ್ತದೆ, ಹಾಗೆ ಕೆಲವು ವರ್ಷಕ್ಕೆ ಮನುಷ್ಯ ನಿಲ್ಲುವ ನೆಲವಾಗುತ್ತದೆ. ನಾವು ಇಳಿದರೆ ತೊಡೆಯವರೆಗೂ ಹೂತುಹೋಗುತ್ತೇವೆ ಎಂದು ಲಾನ್ ಎಚ್ಚರಿಸಿದಳು. ಮೂವತ್ತೊಂದು ವರ್ಷ ಬರೆದ ಬೀಸಣಿಗೆಯ ತುದಿ ಇದು. ಸಂತೋಷವಾಗಬೇಕಿತ್ತು.

ದೋಣಿ ಹಿಂದಕ್ಕೆ ತಿರುಗುವಾಗ ಅಕ್ಕ ಬಾಯಿ ಬಿಟ್ಟಳು. ಎಂಜಿನ್ನಿನ ಸದ್ದಿಗೆ ನಾನು ಹತ್ತಿರ ಹೋಗಿ ಕೂರಬೇಕಾಯಿತು.

"ನಮ್ಮಪ್ಪ ಓದ. ಅದು ನಿನ್ ಕೈ ಮೀರಿತ್ತು ಅಂತ್ಲೇ ಇಟ್ಕೊ. ಏನೂ ಇಲ್ದಿರೋ ಸಿಮೆಂಟಿನ ಮುಂದೆ ಏಳ್ ವರ್ಸ ನನ್ ಕೈಲಿ ಕಷ್ಟ ಸುಖ ಯೋಳುಸ್ದಲ್ಲಾ, ಅದು ನಿನ್ ಕೈಲಿತ್ತು."

ಮತ್ತೆ ಅವಳೇ ಮುಂದುವರಿಸಿದಳು.

"ಊರ್ಗೆ ಓಗಿ ಅದ್ನ ಒಡ್ದಾಕು. ಒಡ್ದಾಕೋಗಂಟ ನಾನು ತವರಿಗೆ ಬರಾಕಿಲ್ಲ, ಬಾಗಿನಾನೂ ಬ್ಯಾಡ."

ಅಷ್ಟು ಹೇಳಿ ಮತ್ತೆ ಮೂತಿಯ ಕಡೆ ತಿರುಗಿ ಕೂತಳು. ಓಂಗ್ ಹಾಯ್ ಅವರ ಮನೆಯಿಂದ ಹೊರಡುವಾಗ ಅವರೂ ಅವಳೂ ಭಾಷೆ ಇಲ್ಲದೆಯೇ ಬಹಳ ಹೊತ್ತು ಎದುರುಬದುರು ನಿಂತಿದ್ದರು. ನನಗೆ ಲಾನ್ ಮಾತ್ರ ಕೈ ಬೀಸಿದಳು.

ಊರು

ಬೆಂಗಳೂರಿನಲ್ಲಿ ವಿಮಾನ ಇಳಿದು ಅಕ್ಕ ರಾಮನಗರದವರ ಗಾಡಿ ಹತ್ತಿದಳು, ನಾನು ಕನಕಪುರದ ಬಸ್ಸು ಹಿಡಿದೆ. ಆಳು ಕರೆದು ಒಡೆಸಬಹುದಿತ್ತು. ಹಾಗೆ ಮಾಡಬಾರದು ಎನಿಸಿತು. ಹೊಲದ ಗುಂಡಿಯಲ್ಲಿ ಈಗ ಜಾಲಿ ಬೆಳೆದಿದೆ, ಮಳೆ ಬಂದರೆ ನೀರು ನಿಲ್ಲುತ್ತದೆ, ಅಲ್ಲಿ ಹುಲ್ಲು ಬಿಟ್ಟರೆ ಬೇರೇನೂ ಬರುವುದಿಲ್ಲ. ಬಂದ ನಾಲ್ಕನೆಯ ದಿನ ಬೆಳಿಗ್ಗೆ ಹಾರೆ ತೆಗೆದುಕೊಂಡು ಗುಂಡಿಯ ಅಂಚಿನಲ್ಲಿ ಸುತ್ತಿ ಬದುವಿನ ಮೂಲೆಗೆ ಹೋದೆ. ಅಕ್ಕ ಹಿಂದಿನ ಹಬ್ಬಕ್ಕೆ ಇಟ್ಟ ಹೂವಿನ ದಾರ ಇನ್ನೂ ಒಣಗಿ ಅಂಟಿಕೊಂಡಿತ್ತು.

ಒಂದು ಮೂಲೆಗೆ ಹಾರೆ ಹಾಕಿ ಮೀಟಿದೆ. ಬೊಗಸೆಯಷ್ಟು ಗಾರೆ ಕಿತ್ತು ಬಂತು. ಒಳಗಡೆಯ ಕಡೆ ಅದು ಅಷ್ಟೇನೂ ಗಟ್ಟಿಯಿರಲಿಲ್ಲ, ಬೆರಳಿನಲ್ಲಿ ಉಜ್ಜಿದರೆ ಪುಡಿಯಾಗುತ್ತಿತ್ತು. ಕೆಂಪು ಛಾಯೆಯ ದಪ್ಪ ಮರಳು, ನಡುವೆ ಕಾಗೆಬಂಗಾರದ ಚೂರು ಮಿನುಗು. ಹಾರೆ ಕೆಳಗಿಟ್ಟು ಅಂಗೈಯಲ್ಲಿ ಹಿಡಿದು ನೋಡಿದೆ.

ಇದು ಹೊಳೆಯ ಮರಳಲ್ಲ. ನಮ್ಮ ಹೊಲದ್ದು. ಮಣ್ಣಿನ ಕಂಬ ಬಿದ್ದ ವಾರ ಕೆಲಸ ಮುಗಿಸಿ ಹೊರಟವರು, ತೊಟ್ಟಿಯಲ್ಲಿ ಕೊನೆಗೆ ಉಳಿದಿದ್ದ ಒಂದು ಟ್ರ್ಯಾಕ್ಟರ್ ಮರಳನ್ನು ನಿಮ್ಮ ಕೆಲಸಕ್ಕಿರಲಿ ಎಂದು ಬದುವಿನ ಮೇಲೆ ಸುರಿದು ಹೋಗಿದ್ದರು. ಸಮಾಧಿಗೆ ಗಾರೆಯವನು ಬಂದಾಗ ಅದನ್ನೇ ತೋರಿಸಿದ್ದೆ. ಏಳು ವರ್ಷ ನನಗೆ ಇದು ಹೊಳೆಯಲಿಲ್ಲ. ಹೊಳೆಯಲು ನಾನು ಬಿಡಲಿಲ್ಲ ಎನ್ನುವುದೇ ಸರಿ. ಕುಸಿದ ಗುಡ್ಡೆಯ ಮಣ್ಣು ತೊಟ್ಟಿಗೆ ಹೋಗಿದ್ದರೆ ಅದು ಕೊನೆಯ ವಾರ, ಕೊನೆಯ ಮರಳು ಕೊನೆಯ ವಾರದ್ದು. ಎಷ್ಟು ಲಾರಿಗೆ ಹೋಯಿತೋ, ಎಷ್ಟು ಇಲ್ಲಿ ಉಳಿಯಿತೋ, ಅದನ್ನು ಹೇಳುವವರು ಯಾರೂ ಇಲ್ಲ. ಕಿತ್ತ ತುಂಡನ್ನು ನೆಲಕ್ಕೆ ಹಾಕಲು ಆಗಲಿಲ್ಲ, ಟವಲಿನಲ್ಲಿ ಕಟ್ಟಿಕೊಂಡು ಅಕ್ಕನಿಗೆ ಫೋನು ಮಾಡಿದೆ.

ಊರಿಗೆ ಬಂದ ದಿನದಿಂದ ಅವಳು ನನ್ನ ಕರೆ ಎತ್ತಿರಲಿಲ್ಲ. ಈ ಸಲ ಎತ್ತಿದಳು. ಹಿಂದೆ ರಾಟೆಗಳ ಸದ್ದು ಕೇಳುತ್ತಿತ್ತು. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಈ ಗಾರೆಯಲ್ಲಿ ಅಪ್ಪ ಖಂಡಿತ ಇದ್ದಾನೆಂದು ಹೇಳಲಾರೆ, ಇರಬಹುದು ಎಂದಷ್ಟೇ ಹೇಳಬಲ್ಲೆ ಎಂದೆ.

"ಇದೂ ಸುಳ್ಳಾ?" ಎಂದಳು.

"ಕಬ್ಬಾಳಮ್ಮನಾಣೆ ಕಣಕ್ಕ."

ರಾಟೆಗಳು ನಿಂತವು. ಯಾರಿಗೋ ನಿಲ್ಲಿಸಲು ಸನ್ನೆ ಮಾಡಿರಬೇಕು.

"ಒಡೀಬ್ಯಾಡ," ಎಂದಳು. "ಕಿತ್ತಿರೋದ್ನ ಕೆಳೀಕ್ ಮಡಗ್ಬ್ಯಾಡ, ಕೈಲೇ ಇಟ್ಕೊಂಡಿರು. ನಾನು ಬತ್ತೀನಿ."